ಕ್ಯಾಸೆಟ್ಟಿಗೂ ಒಂದು ಅಂಕಿತ ಬೇಕು

ಕನಕದಾಸರ ಕೀರ್ತನೆಗಳನ್ನು ಉಳಿಸಿದ್ದು ಯಾರು? ಅರಮನೆಯಾ? ಮಠವಾ? ಕಾಗಿನೆಲೆಗೆ ಹೋಗಿ ಆದಿಕೇಶವನಿಗೆ ಕೈಮುಗಿದು ಬರುವ ನಾವು ಈ ಪ್ರಶ್ನೆ ಕೇಳಿಕೊಳ್ಳೋದೇ ಕಡಿಮೆ. ಮಠಗಳ ಪಾಲು ಇದೆ, ಇಲ್ಲ ಅನ್ನಲ್ಲ. ಆದರೆ ದೊಡ್ಡ ಪಾಲು ಕೇಳುಗರದ್ದು. ಕೇಳಿದವರು ನೆನಪಿಟ್ಟುಕೊಂಡರು, ಭಜನೆಯಲ್ಲಿ ಹಾಡಿದರು, ಮಕ್ಕಳಿಗೆ ಕಲಿಸಿದರು, ಅಕ್ಷರ ಬಲ್ಲವರು ಓಲೆಗರಿಯಲ್ಲಿ ಗೀಚಿಟ್ಟರು. ಜರ್ಮನಿಯಿಂದ ಬಂದ ಮೋಗ್ಲಿಂಗ್ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದ್ದು 1850ರಲ್ಲಿ. ಅಲ್ಲಿವರೆಗೂ ಹಾಡುಗಳು ಹೆಚ್ಚಾಗಿ ಬದುಕಿದ್ದು ಜನರ ಬಾಯಲ್ಲಿ.

ಇದೇ ಹಾವೇರಿ ಜಿಲ್ಲೆಯ ಶಿಶುನಾಳದ ಶರೀಫರ ಕಥೆಯೂ ಅದೇ. ಶರೀಫರು ತೀರಿಕೊಂಡಿದ್ದು 1889ರಲ್ಲಿ. ಅಮೆರಿಕದಲ್ಲಿ ಎಡಿಸನ್ ಫೋನೋಗ್ರಾಫ್ ಮಾಡಿ ಆಗಲೇ ಹನ್ನೆರಡು ವರ್ಷ ಆಗಿತ್ತು. ಆದರೆ ಗ್ರಾಮಫೋನ್ ಕಂಪನಿಯವರು ಕಲ್ಕತ್ತಾಕ್ಕೆ ಬಂದು ಗೌಹರ್ ಜಾನ್ ಹಾಡನ್ನು ರೆಕಾರ್ಡ್ ಮಾಡಿಕೊಂಡಿದ್ದು 1902ರಲ್ಲಿ. ಹದಿಮೂರು ವರ್ಷ ತಡ. ಶರೀಫಜ್ಜನ ಪದ ನಮಗೆ ಸಿಕ್ಕಿತು, ದನಿ ಸಿಗಲಿಲ್ಲ.

ಕಂಪನಿಯವರು ಬಂದ ಮೇಲಾದರೂ ಎಲ್ಲ ಸಿಕ್ಕಿತಾ? ಅದೂ ಇಲ್ಲ. ಆ ಕಾಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷದ ಸಂಗೀತ. ಮುಕ್ಕಾಲು ಗಂಟೆ ಹಾಡಬೇಕಾದ ಖಯಾಲನ್ನು ಮೂರು ನಿಮಿಷಕ್ಕೆ ಮುದುರಿಡಬೇಕು. ಹಾನಗಲ್ ತಾಲೂಕಿನಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಹೋಗಿದ್ದು 1944ರಲ್ಲಿ. ಅವರ ಇಡೀ ಕಛೇರಿ ಹೇಗಿರುತ್ತಿತ್ತು ಅನ್ನೋದನ್ನು ಕೂತು ಕೇಳಿದವರೇ ಹೇಳಬೇಕಿತ್ತು.

ಈ ಕೊರತೆ ತುಂಬಿದ್ದು ಯಾರು? ಮತ್ತೆ ಕೇಳುಗನೇ. ಫಿಲಿಪ್ಸ್ ಕಂಪನಿ 1963ರಲ್ಲಿ ಪುಟ್ಟ ಕ್ಯಾಸೆಟ್ ತಂತು. ಎಂಬತ್ತರ ದಶಕದ ಹೊತ್ತಿಗೆ ಟೇಪ್ ರೆಕಾರ್ಡರ್ ನಮ್ಮ ಹಳ್ಳಿಗಳಿಗೂ ಬಂತು. ಪುಟ್ಟರಾಜ ಗವಾಯಿಗಳ ಕಛೇರಿ, ಬಸವರಾಜ ರಾಜಗುರು ಅವರ ಗಾಯನ, ಜಾತ್ರೆಯ ಭಜನೆ, ರಾತ್ರಿಯಿಡೀ ನಡೆಯುವ ದೊಡ್ಡಾಟ... ಅಭಿಮಾನಿಗಳು ಮಡಿಲಲ್ಲಿ ಟೇಪ್ ಇಟ್ಟುಕೊಂಡು ಕೂತರು. ಅರವತ್ತು ನಿಮಿಷದ ಕ್ಯಾಸೆಟ್ ಅಂದರೆ ಒಂದು ಮಗ್ಗುಲಿಗೆ ಅರ್ಧ ಗಂಟೆ. ತಿರುಗಿಸಿ ಹಾಕೋದರೊಳಗೆ ಒಂದು ತಾನ ಹೋಗೇ ಹೋಯ್ತು! ಪಕ್ಕದವರ ಕೆಮ್ಮು, ‘ವಾಹ್’ ಅನ್ನೋ ಉದ್ಗಾರ, ಮೈಕ್ ಸೆಟ್ಟಿನ ಕೂಗು, ಎಲ್ಲ ಸೇರಿಕೊಂಡಿದೆ. ಕೆಲವರಿಗೆ ಅದು ಗಲಾಟೆ. ಇತಿಹಾಸಕ್ಕೆ ಅದೇ ಸಾಕ್ಷಿ. ಯಾವ ಜಾಗಕ್ಕೆ ಜನ ತಲೆದೂಗಿದರು ಅನ್ನೋದು ಸ್ಟುಡಿಯೋ ರೆಕಾರ್ಡಿಂಗಿನಲ್ಲಿ ಸಿಗಲ್ಲ.

ಹೊರಗಿನವರು ಇದರ ಬೆಲೆ ಬೇಗ ಅರಿತರು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೇರಾದ ಗ್ರಂಥಪಾಲಕ ಲಯೋನೆಲ್ ಮೇಪಲ್‌ಸನ್ 1903ರವರೆಗೂ ಕೆಲವು ವರ್ಷ ನಾಟಕ ನಡೆಯುವಾಗಲೇ ಮೇಣದ ಸಿಲಿಂಡರಿನಲ್ಲಿ ತುಣುಕು ತುಣುಕಾಗಿ ಹಾಡು ಹಿಡಿದ. ಸದ್ದು ಕರಕರ ಅನ್ನುತ್ತದೆ. ಆದರೂ ಇಂದು ಅವು ಅಮೆರಿಕದ ರಾಷ್ಟ್ರೀಯ ಧ್ವನಿ ಸಂಪತ್ತಿನ ಪಟ್ಟಿಯಲ್ಲಿವೆ. ಗ್ರೇಟ್‌ಫುಲ್ ಡೆಡ್ ಅನ್ನೋ ರಾಕ್ ಬ್ಯಾಂಡ್ ಇನ್ನೂ ಮುಂದೆ ಹೋಯ್ತು. ರೆಕಾರ್ಡ್ ಮಾಡಿಕೊಳ್ಳುವ ಅಭಿಮಾನಿಗಳಿಗೆ ಅಂತಲೇ 1984ರಲ್ಲಿ ಪ್ರತ್ಯೇಕ ಜಾಗ ಬಿಟ್ಟುಕೊಟ್ಟಿತು. ಷರತ್ತು ಒಂದೇ: ಹಂಚಿಕೊಳ್ಳಿ, ಮಾರಬೇಡಿ.

ನಮ್ಮ ಕಾನೂನೂ ಇದಕ್ಕೆ ತೀರಾ ವಿರೋಧಿ ಅಲ್ಲ. 1994ರ ತಿದ್ದುಪಡಿಯಲ್ಲಿ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಬಂತು. ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಮಾರಿದರೆ ತಪ್ಪು, ಅದು ಕಲಾವಿದರ ಅನ್ನ. ಸ್ವಂತಕ್ಕೆ, ಪಾಠಕ್ಕೆ, ಸಂಶೋಧನೆಗೆ ಅಂತ ಮಾಡಿಕೊಂಡರೆ ವಿನಾಯಿತಿ ಇದೆ.

ಈಗ ನಮ್ಮ ಮನೆ ಕಡೆ ನೋಡೋಣ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆ ಅಟ್ಟದ ಮೇಲೆ, ಟ್ರಂಕಿನಲ್ಲಿ ಇಂಥ ಕ್ಯಾಸೆಟ್ ಎಷ್ಟಿರಬಹುದು? ಅಪ್ಪ ತೀರಿಕೊಂಡ ಮೇಲೆ ಮಕ್ಕಳು ಅದನ್ನು ಗುಜರಿಗೆ ಹಾಕುತ್ತಾರೆ. ಭಜನೆಯ ಮೇಲೆ ಸಿನಿಮಾ ಹಾಡು ತುಂಬಿಸಿದ್ದೂ ಉಂಟು. ಟೇಪ್ ಅಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿ, ಅಷ್ಟೇ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಹಾಕಿ ಕೇಳೋಣ ಅಂದರೆ ಯಂತ್ರವೇ ಅಪರೂಪ. ಸೋನಿ ಕಂಪನಿ ತನ್ನ ದೇಶದಲ್ಲೇ ಕ್ಯಾಸೆಟ್ ವಾಕ್‌ಮನ್ ಮಾರೋದನ್ನು 2010ರಲ್ಲಿ ನಿಲ್ಲಿಸಿತು. ಪುಟ್ಟರಾಜ ಗವಾಯಿಗಳು ನಮ್ಮನ್ನು ಅಗಲಿದ್ದೂ ಅದೇ ವರ್ಷ.

ಹಾಗಾದ್ರೆ ಏನು ಮಾಡಬೇಕು? ಉತ್ತರ ಕಾಗಿನೆಲೆಯಲ್ಲೇ ಇದೆ. ಇಷ್ಟು ಬಾಯಿ ದಾಟಿ ಬಂದ ಕೀರ್ತನೆಯನ್ನು ಕನಕರದ್ದು ಅಂತ ನಾವು ಗುರುತು ಹಿಡಿಯೋದು ಹೇಗೆ? ಕೊನೆಯಲ್ಲಿ ಬರುವ ಕಾಗಿನೆಲೆಯ ಆದಿಕೇಶವನ ಅಂಕಿತದಿಂದ. ಪದ ಅಲ್ಲಿ ಇಲ್ಲಿ ಬದಲಾಗಿರಬಹುದು, ಅಂಕಿತ ವಿಳಾಸ ಹೇಳುತ್ತದೆ. ನಿಮ್ಮ ಮನೆಯ ಕ್ಯಾಸೆಟ್ಟಿಗೆ ಆ ಅಂಕಿತ ಇದೆಯಾ? ಹಾಡಿದವರು ಯಾರು, ತಬಲಾ ಯಾರು, ಯಾವ ಊರು, ಯಾವ ಜಾತ್ರೆ, ಯಾವ ಇಸವಿ? ಇದು ಗೊತ್ತಿಲ್ಲದಿದ್ದರೆ ಅದು ಬರೀ ಸದ್ದು. ಗೊತ್ತಿದ್ದರೆ ದಾಖಲೆ. ಗೊತ್ತಿರುವ ಹಿರಿಯರು ಇನ್ನೂ ಕಟ್ಟೆ ಮೇಲೆ ಕೂತಿರುವಾಗಲೇ ಕೇಳಿ, ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಹಾಕಿ. ಆಮೇಲೆ ಕಂಪ್ಯೂಟರಿಗೆ ಇಳಿಸಿ.

ಇದು ಮನೆಯವರೊಬ್ಬರಿಂದಲೇ ಆಗೋ ಕೆಲಸವೂ ಅಲ್ಲ. ಜಾನಪದ ವಿಶ್ವವಿದ್ಯಾಲಯ ಇದೇ ಜಿಲ್ಲೆಯ ಗೊಟಗೋಡಿಯಲ್ಲಿದೆ. ಕಾಗಿನೆಲೆ ಅಭಿವೃದ್ಧಿಗೆ ಪ್ರಾಧಿಕಾರವಿದೆ. ಕಟ್ಟಡ ಕಟ್ಟಿದ್ದೀರಿ, ಪ್ರತಿಮೆ ನಿಲ್ಲಿಸಿದ್ದೀರಿ, ಸಂತೋಷ. ಊರೂರಿಗೆ ಹೋಗಿ ಕ್ಯಾಸೆಟ್ ಇಳಿಸಿಕೊಂಡು, ಮೂಲವನ್ನು ಮನೆಯವರಿಗೇ ವಾಪಸ್ ಕೊಡುವ ಒಂದು ಗಾಡಿ ಓಡಿಸೋಕೆ ಎಷ್ಟು ಖರ್ಚಾದೀತು?

ಯಂತ್ರವೇ ಇಲ್ಲದ ಕಾಲದ ಕೇಳುಗ ಕನಕರನ್ನು ನಮ್ಮ ತನಕ ತಲುಪಿಸಿದ. ಜೇಬಿನಲ್ಲೇ ರೆಕಾರ್ಡರ್ ಇಟ್ಟುಕೊಂಡು ಓಡಾಡುವ ನಾವು ಮುಂದಿನವರಿಗೆ ಯಾರನ್ನು ತಲುಪಿಸುತ್ತೇವೆ?