ಕೇಳಿ ಓದುವ ಕ್ರಮ: ಗಮಕವಾಚನದಿಂದ ಯಂತ್ರವಾಚನದವರೆಗೆ

ಗ್ರಂಥವನ್ನು ಕಣ್ಣಿನಿಂದ ಓದುತ್ತಿರುವಾಗ ಮನಸ್ಸು ಬೇರೆಡೆಗೆ ಹರಿಯುವುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಎದುರಿಸುವ ತೊಡಕು. ಇದಕ್ಕೆ ಪರಿಹಾರವೆಂದು, ಬರೆಹವನ್ನು ಧ್ವನಿಯಾಗಿ ನುಡಿಯುವ ಸಾಧನಗಳನ್ನು ಮೊಬೈಲ್ ಫೋನಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಈಗ ಬಳಸಲಾಗುತ್ತಿದೆ. ಆದರೆ ಕಿವಿಯ ನೆರವಿನಿಂದ ಓದಿನಲ್ಲಿ ಮನಸ್ಸನ್ನು ನಿಲ್ಲಿಸುವುದು ನಮ್ಮ ನಾಡಿಗೆ ಹೊಸದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯ ಕಾವ್ಯ ಮತ್ತು ಶಾಸನಗಳ ಹಿನ್ನೆಲೆಯಲ್ಲಿ, ಹಳೆಯ ಕ್ರಮವು ಹೊಸ ಸಾಧನಕ್ಕೆ ಕಲಿಸಬಹುದಾದುದೇನೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಈ ಸೀಮೆಯ ಬಹುಭಾಗವನ್ನು ಆಳಿದವರು ಚಂಗಾಳ್ವರು. ಆ ವಂಶಕ್ಕೆ ಸೇರಿದ ನಂಜುಂಡ ಕವಿಯು 16ನೆಯ ಶತಮಾನದಲ್ಲಿ ಕುಮಾರರಾಮನ ಕಥೆಯನ್ನು ಸಾಂಗತ್ಯದಲ್ಲಿ ರಚಿಸಿದನು. ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು ಸಾಂಗತ್ಯ, ಷಟ್ಪದಿಗಳೆರಡರಲ್ಲಿಯೂ ಕೃತಿಗಳನ್ನು ಬರೆದನು. ಸಾಂಗತ್ಯವು ಹಾಡುವುದಕ್ಕೆ ಹೊಂದುವ ಛಂದಸ್ಸು. ಷಟ್ಪದಿಯು ವಾಚನಕ್ಕೆ ಒದಗುವಂಥದು. ಎಂದರೆ ಈ ಕವಿಗಳ ಎದುರಿಗಿದ್ದವರು ಬಹುಮಟ್ಟಿಗೆ ಕೇಳುಗರು. ಪಾಶ್ಚಾತ್ಯರಲ್ಲಿಯೂ ಸ್ಥಿತಿಯು ಬಹಳ ಬೇರೆಯಾಗಿರಲಿಲ್ಲ; ಆಂಬ್ರೋಸನು ಮೌನವಾಗಿ ಓದುತ್ತಿದ್ದುದನ್ನು ಸಂತ ಅಗಸ್ಟೀನನು ವಿಶೇಷವೆಂಬಂತೆ ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾನೆ.

ಗಮಕದಲ್ಲಿ ಎರಡು ಕಾರ್ಯಗಳುಂಟು. ವಾಚಕನು ಅರ್ಥಕ್ಕೆ ತಕ್ಕಂತೆ ಪದಗಳನ್ನು ಬಿಡಿಸಿ ರಾಗದಲ್ಲಿ ಓದಿ ನಿಲ್ಲಿಸುತ್ತಾನೆ. ವ್ಯಾಖ್ಯಾನಕಾರನು ಆ ಭಾಗವನ್ನು ವಿವರಿಸುತ್ತಾನೆ. ಕೇಳುಗನ ಗಮನವು ಚದುರದಿರಲು ಕಾರಣ ಧ್ವನಿಯೊಂದೇ ಅಲ್ಲ. ಈ ನಿಲುಗಡೆಯೂ ಕಾರಣ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಬಾನುಲಿಯಿಂದ ಧ್ವನಿಯು ದೂರದವರೆಗೆ ತಲಪಿತಾದರೂ, ಅದನ್ನು ತಡೆದು ಮತ್ತೊಮ್ಮೆ ಹೇಳಿಸುವ ಅವಕಾಶವು ಕೇಳುಗನಿಗೆ ಇಲ್ಲವಾಯಿತು. ಇಂದಿನ ಸಾಧನವು ಆ ಅವಕಾಶವನ್ನು ಮರಳಿ ಕೊಟ್ಟಿದೆ. ವೇಗವನ್ನು ತಗ್ಗಿಸಬಹುದು, ಬೇಕಾದಲ್ಲಿ ನಿಲ್ಲಿಸಬಹುದು, ಅದೇ ವಾಕ್ಯವನ್ನು ಪುನಃ ಕೇಳಬಹುದು.

ಆದರೆ ಪದಚ್ಛೇದವನ್ನು ಯಂತ್ರಕ್ಕೆ ಒಪ್ಪಿಸಲಾಗದು. ಕನ್ನಡ ಲಿಪಿಯು ಉಚ್ಚಾರಣೆಗೆ ಬಹಳ ಹತ್ತಿರವಾದುದರಿಂದ ಅಕ್ಷರಗಳನ್ನು ನುಡಿಯುವುದು ಯಂತ್ರಕ್ಕೆ ಅಷ್ಟು ಕಠಿಣವಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ಅದು ಮುಖ್ಯವಾಗಿ ಪದಗಳ ನಡುವಣ ತೆರಪಿನಿಂದಲೂ ವಿರಾಮಚಿಹ್ನೆಗಳಿಂದಲೂ ಅರಿಯುತ್ತದೆ. ಶಾಸನಗಳಲ್ಲಿ ಇವೆರಡೂ ವಿರಳ. 'ಅವನೂರಿಗೆ ದತ್ತಿಯನ್ನು ಕೊಟ್ಟನು' ಎಂಬ ವಾಕ್ಯವನ್ನು ನೋಡೋಣ. 'ಅವನು ಊರಿಗೆ' ಎಂದು ಬಿಡಿಸಿದರೆ ಕೊಟ್ಟವನು ಯಾರೆಂಬುದು ತಿಳಿಯುತ್ತದೆ. 'ಅವನ ಊರಿಗೆ' ಎಂದು ಬಿಡಿಸಿದರೆ ಪಡೆದ ಊರು ಯಾರದೆಂಬುದು ತಿಳಿಯುತ್ತದೆ. ಧ್ವನಿ ಒಂದೇ, ಚರಿತ್ರೆ ಎರಡು. ಬಿ. ಎಲ್. ರೈಸರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 4ನೆಯ ಸಂಪುಟದಲ್ಲಿ ಹುಣಸೂರು, ಹೆಗ್ಗಡದೇವನಕೋಟೆ, ಎಡತೊರೆ (ಇಂದಿನ ಕೃಷ್ಣರಾಜನಗರ) ತಾಲ್ಲೂಕುಗಳ ಶಾಸನಗಳಿವೆ. ಅವುಗಳನ್ನು ಅಭ್ಯಸಿಸುವವರು ಈ ಎಚ್ಚರವನ್ನು ಮರೆಯಲಾಗದು.

ಆದಕಾರಣ ನಾವು ಸೂಚಿಸುವ ಕ್ರಮವು ಹೀಗಿದೆ: ಕಿವಿ ಕೇಳುತ್ತಿರುವಾಗ ಕಣ್ಣು ಪುಟದ ಮೇಲೆಯೇ ಇರಬೇಕು. ಒಂದು ಪರಿಚ್ಛೇದವು ಮುಗಿದೊಡನೆ ಧ್ವನಿಯನ್ನು ನಿಲ್ಲಿಸಿ, ಅದರ ಸಾರವನ್ನು ಓದುಗನು ತನ್ನ ಮಾತಿನಲ್ಲಿ ಹೇಳಿಕೊಳ್ಳಬೇಕು; ವ್ಯಾಖ್ಯಾನಕಾರನ ಸ್ಥಾನ ಅವನದೇ. ಶಾಸನಪಾಠವಾದರೆ ಮೊದಲು ತಾನೇ ಪದಗಳನ್ನು ಬಿಡಿಸಿ ಬರೆದು, ಅನಂತರ ಯಂತ್ರದಿಂದ ಓದಿಸಿ ಕೇಳಬೇಕು. ಕಣ್ಣಿಗೆ ಬೀಳದ ತಪ್ಪುಗಳು ಆಗ ಕಿವಿಗೆ ಬೀಳುವುದುಂಟು.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಕಣ್ಣಿರುವವರಿಗೆ ಇದು ಏಕಾಗ್ರತೆಯ ಉಪಾಯ. ಅಂಧ ವಿದ್ಯಾರ್ಥಿಗೆ ಇದೇ ಓದು. ಪುಟಗಳ ಚಿತ್ರವನ್ನು ಮಾತ್ರ ತೆಗೆದಿರಿಸಿದ ಗ್ರಂಥವು, ಅದನ್ನು ಅಕ್ಷರರೂಪಕ್ಕೆ ತರುವವರೆಗೆ, ಅವನ ಪಾಲಿಗೆ ಮುಚ್ಚಿದ ಗ್ರಂಥವೇ ಸರಿ. ಈ ಸೀಮೆಯ ಶಾಸನಪಾಠಗಳನ್ನು ಯೂನಿಕೋಡ್ ಅಕ್ಷರಗಳಲ್ಲಿ, ಪದಚ್ಛೇದದೊಡನೆ ಸಿದ್ಧಪಡಿಸುವ ಕಾರ್ಯವನ್ನು ಕಾಲೇಜುಗಳ ಚರಿತ್ರೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಗೊಂಡರೆ, ಹಿಂದಿನ ವಾಚಕರು ಸಭೆಗೆ ಸಲ್ಲಿಸಿದ ಸೇವೆಯನ್ನೇ ಅವರು ಇಂದಿನ ಓದುಗರಿಗೆ ಸಲ್ಲಿಸಿದಂತಾಗುತ್ತದೆ.