‘ಇಟ್’ ಅಂದ್ರೆ ಯಾರು ಸಾ?

ತೀರ್ಥಹಳ್ಳಿ ಸೀಮೆಯ ಹಂಚಿನ ಮಾಡಿನ ಶಾಲೆಯಲ್ಲಿ ಆಷಾಢದ ಪಾಠವೆಲ್ಲ ಬೋರ್ಡಿನ ಮೇಲೇ. ಮಳೆ ಹಿಡಿದುಕೊಂಡಿತೆಂದರೆ ಮೂರನೇ ಬೆಂಚಿಗೂ ನನ್ನ ದನಿ ಮುಟ್ಟುತ್ತಿರಲಿಲ್ಲ. ಅಂಥದೊಂದು ಮಧ್ಯಾಹ್ನ ಎಂಟನೇ ಕ್ಲಾಸಿಗೆ ಎರಡು ವಾಕ್ಯ ಬರೆದೆ: ‘ಇಟ್ ಈಸ್ ರೇನಿಂಗ್’, ‘ಇಟ್ ಈಸ್ ವೆರಿ ಕೋಲ್ಡ್’. ಒದ್ದೆ ಕಂಬಳಿಕೊಪ್ಪೆಯನ್ನು ಗೋಡೆಗೆ ಆನಿಸಿಟ್ಟು ಬಾಗಿಲ ಬಳಿ ಕೂತಿದ್ದ ಹುಡುಗನೊಬ್ಬ, ಮಳೆ ತುಸು ಇಳಿದದ್ದೇ ಎದ್ದು ನಿಂತ.

“ಸಾ, ಇಟ್ ಅಂದ್ರೆ ಯಾರು?”

“ಮಳೆ ಕಣೋ.”

“ಎರಡನೇದ್ರಲ್ಲಿ?”

“ಚಳಿ.”

“ಚಳಿಗೇ ಚಳಿ ಆಗುತ್ತಾ ಸಾ?”

ಕ್ಲಾಸು ಗೊಳ್ಳೆಂದಿತು. ಪರೀಕ್ಷೆಗೆ ಬರಲ್ಲ, ಕೂತ್ಕೋ ಅಂದುಬಿಟ್ಟೆ. ಗೊತ್ತಿಲ್ಲ ಅನ್ನುವುದಕ್ಕೆ ಮೇಷ್ಟ್ರಾದವನಿಗೆ ಅದಕ್ಕಿಂತ ಮರ್ಯಾದೆಯ ಮಾತು ಬೇರೆ ಇರಲಿಲ್ಲ. ನಿವೃತ್ತನಾದ ಮೇಲೆ ಹಳೇ ಇಂಗ್ಲಿಷಿನ ಪುಸ್ತಕಗಳನ್ನು ಹಿಡಿದು ಕೂತಾಗ ಗೊತ್ತಾಯಿತು, ಹುಡುಗ ಸಾವಿರ ವರ್ಷದ ಗಂಟನ್ನೇ ಎಳೆದಿದ್ದ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನವನಿಗೆ ಚಳಿಯಾದರೆ ಅವನು ಹೇಳುತ್ತಿದ್ದದ್ದು ‘ಮೇ ಇಸ್ ಚೆಯಾಲ್ಡ್’ ಎಂಬಂತೆ. ಮೇ ಅಂದರೆ ನನಗೆ. ನನಗೆ ಚಳಿ, ಅಷ್ಟೇ. ಹಸಿವೂ ಬಾಯಾರಿಕೆಯೂ ಅವನಿಗೆ ‘ಆಗುತ್ತಿದ್ದವು’, ನಮಗೆ ಆಗುವ ಹಾಗೆಯೇ. ಅನ್ನಿಸುವುದೂ ಹಾಗೇ. ಷೇಕ್ಸ್‌ಪಿಯರನ ನಾಟಕಗಳಲ್ಲಿ ‘ಮೀಥಿಂಕ್ಸ್’ ಎಂಬ ಪದವನ್ನು ನಾವು ‘ಐ ಥಿಂಕ್’ ಎಂದು ತಿದ್ದಿ ಪಾಠ ಮಾಡುತ್ತಿದ್ದೆವು. ನಿಜಕ್ಕೂ ಅದು ‘ನನಗನಿಸುತ್ತದೆ’. ಯೋಚಿಸುವ ‘ಥಿಂಕ್’ ಬೇರೆ, ತೋರುವ ‘ಥಿಂಕ್’ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಅವು ಎರಡು ಕ್ರಿಯಾಪದ. ‘ಲೈಕ್’ ಕೂಡ ಮೊದಲಿಗೆ ಹಿಡಿಸು ಎಂಬ ಅರ್ಥದ್ದು: ಅದು ನನಗೆ ಹಿಡಿಸಿತು ಎನ್ನುತ್ತಿದ್ದರೇ ಹೊರತು ನಾನು ಅದನ್ನು ಹಿಡಿಸಿಕೊಂಡೆ ಎನ್ನುತ್ತಿರಲಿಲ್ಲ. ಇದನ್ನು ಮೊದಲು ಓದಿದ ದಿನ ಯಾವುದೋ ಬಿಟ್ಟುಹೋದ ನೆಂಟರ ಮನೆ ಸಿಕ್ಕಿದ ಹಾಗಾಗಿತ್ತು.

ಆಮೇಲೆ ಆ ಭಾಷೆಯ ವಿಭಕ್ತಿಗಳು ಸವೆದವು. ಕೊನೆಯ ಸ್ವರಗಳು ಬಾಯಲ್ಲೇ ಕರಗಿ, ಯಾರು ಯಾರಿಗೆ ಎಂಬುದನ್ನು ಪ್ರತ್ಯಯದಿಂದ ತಿಳಿಯುವುದು ಕಷ್ಟವಾಗಿ, ಪದ ಕೂತ ಜಾಗವೇ ಅರ್ಥ ಹೇಳಬೇಕಾಯಿತು. ಕ್ರಿಯಾಪದದ ಮುಂದಿನ ಕುರ್ಚಿ ಕರ್ತೃವಿನದ್ದು. ಅದು ಖಾಲಿ ಇರಕೂಡದು. ‘ನನಗೆ’ ಎಂದು ಕೂತಿದ್ದವನು ಹದಿನೈದು ಹದಿನಾರನೇ ಶತಮಾನದ ಹೊತ್ತಿಗೆ ‘ನಾನು’ ಆದ. ಯಾರೂ ಇಲ್ಲದ ಕಡೆ ‘ಇಟ್’ ಬಂದು ಕೂತಿತು. ಮಳೆಯ ವಾಕ್ಯದಲ್ಲಿ ಅದಕ್ಕೆ ಮೊದಲಿಂದಲೂ ಜಾಗ ಇತ್ತು, ‘ಹಿಟ್’ ಎಂಬ ರೂಪದಲ್ಲಿ. ಈಗ ಎಲ್ಲಾ ಕಡೆಗೂ ಅದೇ. ಜರ್ಮನರು ಇವತ್ತಿಗೂ ಚಳಿಗೆ ‘ಮಿರ್ ಇಸ್ಟ್ ಕಾಲ್ಟ್’, ನನಗೆ ಚಳಿ, ಅನ್ನುತ್ತಾರೆ. ಲ್ಯಾಟಿನ್ನಿನವರಿಗೆ ಮಳೆ ಬಂತೆನ್ನಲು ‘ಪ್ಲೂಯಿಟ್’ ಎಂಬ ಒಂದೇ ಪದ ಸಾಕಿತ್ತು. ಹಳೆಯ ಗ್ರೀಕರಂತೂ ಕರ್ತೃವನ್ನು ಹೆಸರು ಹಿಡಿದೇ ಕರೆದರು: ಜ್ಯೂಸ್ ಸುರಿಯುತ್ತಿದ್ದಾನೆ! ನಮ್ಮಲ್ಲಿ ಮಳೆ ತಾನೇ ಬರುತ್ತದೆ. ಕತ್ತಲಾಯಿತು ಅಂದರೆ ‘ಏನು ಕತ್ತಲಾಯಿತು’ ಎಂದು ಯಾರೂ ಕೇಳುವುದಿಲ್ಲ.

ಹುಡುಗ ಕೇಳದೆ ಬಿಟ್ಟದ್ದು ‘ವೆರಿ’ಯನ್ನು. ನನಗೆ ಈಗ ಹೆಚ್ಚು ಕಾಡುವುದು ಅದೇ.

ಕ್ರಿಯಾವಿಶೇಷಣ ಎಂದು ಬೋರ್ಡಿನ ಮೇಲೆ ಅಡಿಗೆರೆ ಎಳೆಯುತ್ತಿದ್ದೆ. ಆ ವಾಕ್ಯದಲ್ಲಿ ಕ್ರಿಯೆ ಎಲ್ಲಿದೆ? ಅದು ಅಂಟಿಕೊಂಡಿರುವುದು ‘ಕೋಲ್ಡ್’ ಎಂಬ ಗುಣವಾಚಕಕ್ಕೆ. ಹೆಸರೊಂದು, ಕೆಲಸವೊಂದು. ಹಳೆಯ ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಇದ್ದ ಪದ ‘ಸ್ವೀಥೆ’. ಬಲವಾಗಿ ಎಂದು ಅದರ ಮೂಲಾರ್ಥ. ಅದು ಮೂಲೆಗೆ ಬಿದ್ದ ಹಾಗೆ ‘ಫುಲ್’ ಮುಂದೆ ಬಂತು, ಚಾಸರನಲ್ಲಿ ಧಾರಾಳ. ನಮ್ಮ ‘ತುಂಬಾ’ ಎಂಬುದೂ ತುಂಬು ಎಂಬುದರಿಂದಲೇ ಬಂದದ್ದು ತಾನೆ? ‘ವೆರಿ’ ಮಾತ್ರ ನಾರ್ಮನ್ನರ ಜೊತೆ ಬಂದ ಫ್ರೆಂಚ್ ಸರಕು. ಅದಕ್ಕೆ ಅರ್ಥ ‘ನಿಜವಾದ’ ಎಂದು. ಕೋರ್ಟಿನ ‘ವರ್ಡಿಕ್ಟ್’ ಎಂಬುದರ ಮೊದಲರ್ಧವೂ ಇದೇ ಬೇರಿನದು: ನಿಜನುಡಿ. ನಿಜವಾಗಿ ಚಳಿ, ನಿಜವಾಗಿ ಚಳಿ ಎಂದು ಆಣೆ ಹಾಕಿ ಹಾಕಿ, ಆಣೆ ಸವೆದು, ಬರೀ ಅಳತೆ ಉಳಿಯಿತು.

ಈ ಜಾತಿಯ ಪದಗಳ ಹಣೆಬರಹವೇ ಅಷ್ಟು, ಬೇಗ ಮೊಂಡಾಗುತ್ತವೆ. ಪಂಪನ ಕಾಲದ ‘ಕರಂ’ ಇವತ್ತು ಯಾರ ಬಾಯಲ್ಲೂ ಇಲ್ಲ. ‘ಕಡು’ ಎಂಬುದು ಕಡುಚಳಿ, ಕಡುಬಡವ ಎಂದು ಪದಗಳ ತಲೆಗೆ ಅಂಟಿಕೊಂಡು ಬದುಕಿದೆ. ಗಟ್ಟಿ ಎಂಬ ಅರ್ಥದ ಪಾರ್ಸಿ ಪದ ‘ಸಖತ್’ ಆಗಿ ಬೆಂಗಳೂರಿನ ಹುಡುಗರ ನಾಲಿಗೆಯಲ್ಲಿದೆ. ಧಾರವಾಡದ ಕಡೆ ‘ಅಗದಿ ಛಲೋ’, ಮಂಗಳೂರಿನಲ್ಲಿ ‘ಭಾರಿ ಲಾಯ್ಕ್’. ನಮ್ಮ ಕಡೆ ಮದುವೆಯೂಟ ‘ಭಯಂಕರ ಚೆನ್ನಾಗಿತ್ತು’ ಅಂದರೆ ಅಡುಗೆ ಭಟ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ಭಯಭಕ್ತಿಯ ‘ಆ’ ಎಂಬುದರಿಂದ ಹುಟ್ಟಿದ ‘ಆಫುಲಿ’ಗೂ ಹತ್ತೊಂಬತ್ತನೇ ಶತಮಾನದಲ್ಲಿ ಆದದ್ದು ಇದೇ. ‘ಪ್ರೆಟ್ಟಿ ಕೋಲ್ಡ್’ ಎನ್ನುವಾಗಿನ ‘ಪ್ರೆಟ್ಟಿ’ ಮೂಲದಲ್ಲಿ ಚೆಲುವೂ ಅಲ್ಲ, ಮಿತವೂ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಕಪಟ, ತಂತ್ರಗಾರಿಕೆ!

ಇನ್ನು ಬಾಲದ ‘ಲಿ’. ಮೊದಲು ಒಂದು ‘ಎ’ಕಾರ ಸೇರಿಸಿದರೆ ಗುಣವಾಚಕ ಕ್ರಿಯಾವಿಶೇಷಣ ಆಗುತ್ತಿತ್ತು. ಆ ‘ಎ’ಕಾರವೂ ಉದುರಿದಾಗ ಎರಡಕ್ಕೂ ಒಂದೇ ಮುಖ. ಆಗ ಕೈಹಿಡಿದದ್ದು ‘ಲಿ’. ಅದು ‘ಲೀಚ್’ ಎಂಬ ಪದದ ತುಂಡು. ಲೀಚ್ ಅಂದರೆ ಒಡಲು, ಹೆಣ ಎಂದೂ ಆಗುತ್ತದೆ. ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಮುಂದೆ ಮಾಡು ಹೊದೆಸಿದ ಹೆಬ್ಬಾಗಿಲು ಇರುತ್ತದೆ, ಶವ ತಂದವರು ಪಾದ್ರಿ ಬರುವವರೆಗೆ ಇಳಿಸಿ ಕಾಯುವ ಜಾಗ. ಅದರ ಹೆಸರು ‘ಲಿಚ್ ಗೇಟ್’. ‘ಬಿಟರ್ಲಿ ಕೋಲ್ಡ್’ ಎಂದು ಮಕ್ಕಳಿಂದ ಹೇಳಿಸುವಾಗ ಬಾಲದಲ್ಲಿ ಹೆಣವೊಂದು ಜೋತಾಡುತ್ತಿದೆಯೆಂದು ಯಾರಿಗೆ ಗೊತ್ತಿತ್ತು!

‘ಲಿ’ ಬಂದರೂ ಜನ ಅದನ್ನೇ ಹಿಡಿದು ಕೂರಲಿಲ್ಲ. ‘ಎಕ್ಸೀಡಿಂಗ್ ಕೋಲ್ಡ್’ ಎಂದು ಬರೆದವರು ಬೇಕಾದಷ್ಟು. 1660ರಿಂದ ಒಂಬತ್ತು ವರ್ಷ ಲಂಡನ್ನಿನಲ್ಲಿ ದಿನಚರಿ ಬರೆದ ಸ್ಯಾಮ್ಯುಯೆಲ್ ಪೀಪ್ಸ್‌ಗೆ ‘ಮೈಟಿ’ ಎಂದರೆ ಊಟದ ಉಪ್ಪು. ಚಂದವೂ ಮೈಟಿ, ಸಂತೋಷವೂ ಮೈಟಿ. ಇದಕ್ಕೆ ಕೋಲು ಹಿಡಿದು ನಿಂತವರು ಆಮೇಲಿನ ವ್ಯಾಕರಣದವರು. ರಾಬರ್ಟ್ ಲೌತ್ ಎಂಬ ಪಾದ್ರಿಯ ವ್ಯಾಕರಣ 1762ರಲ್ಲಿ ಬಂತು. 1795ರಲ್ಲಿ ಬಂದದ್ದು ಲಿಂಡ್ಲೆ ಮರ್ರೆಯದ್ದು. ಈತ ನ್ಯೂಯಾರ್ಕಿನ ವಕೀಲ. ಮೈ ಸೋತು, ಇಂಗ್ಲೆಂಡಿನ ಯಾರ್ಕಿಗೆ ಬಂದು, ನಡೆಯಲಾಗದೆ ಕುರ್ಚಿಗೆ ಅಂಟಿದವನು. ಅಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರ ಟೀಚರುಗಳು ಕೇಳಿಕೊಂಡರೆಂದು ಬರೆದ ಪುಸ್ತಕ ಅದು. ಮುಂದೆ ಇಂಗ್ಲೆಂಡ್ ಅಮೆರಿಕಗಳ ತಲೆಮಾರುಗಳೇ ಅದನ್ನು ಉರು ಹೊಡೆದವು. ಗುಣವಾಚಕವನ್ನು ಹಾಗ್ಹಾಗೇ ಕ್ರಿಯಾವಿಶೇಷಣದ ಜಾಗದಲ್ಲಿ ಕೂರಿಸುವುದು ತಪ್ಪು ಎಂದು ಇಬ್ಬರದ್ದೂ ಅಪ್ಪಣೆ. ‘ಎಕ್ಸೀಡಿಂಗ್’ ಬಾಲ ಬೆಳೆಸಿಕೊಂಡು ‘ಎಕ್ಸೀಡಿಂಗ್ಲಿ’ ಆಯಿತು. ‘ಮೈಟಿ’ ಹಳ್ಳಿಗಮಾರ ಎನಿಸಿಕೊಂಡಿತು.

ಆ ಲೆಕ್ಕಕ್ಕೆ ‘ವೆರಿ’ಯೂ ಕಳ್ಳನೇ. ಗುಣವಾಚಕದ ವೇಷದಲ್ಲೇ ನಿಂತಿದೆ. ‘ವೆರಿಲಿ’ ಎಂಬ ಸರಿಯಾದ ಪದವೂ ಇತ್ತು. ‘ಇಟ್ ಈಸ್ ವೆರಿಲಿ ಕೋಲ್ಡ್’ ಎಂದು ತಿದ್ದುವ ಧೈರ್ಯ ಮಾತ್ರ ಯಾವ ಪಂಡಿತನಿಗೂ ಬರಲಿಲ್ಲ. ದೊಡ್ಡ ಮನೆಯವನ ಬೇಲಿ ಕೀಳಲು ಹೋಗದ ಶಾನುಭೋಗರ ಬುದ್ಧಿ.

ನಮ್ಮ ಶಾಲೆಗಳಿಗೆ ಈ ನಿಯಮಗಳು ತಲುಪಿದ್ದು ನೆಸ್‌ಫೀಲ್ಡ್ ಮತ್ತು ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕಗಳ ಮೂಲಕ. ರೆನ್ ಎಂಬಾತ ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯಲ್ಲಿದ್ದವನು, 1924ರಲ್ಲಿ ‘ಬೋ ಜೆಸ್ಟ್’ ಎಂಬ ಮರಳುಗಾಡಿನ ಸಿಪಾಯಿಗಳ ಕಾದಂಬರಿ ಬರೆದು ಹೆಸರಾದವನು. ‘ಕೋಲ್ಡ್’ಗೆ ‘ವೆರಿ’, ‘ಕೋಲ್ಡರ್’ಗೆ ‘ಮಚ್’, ಮಿತಿಮೀರಿದರೆ ‘ಟೂ’: ಈ ಮೂರನ್ನು ಬಾಯಿಪಾಠ ಮಾಡಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ಹಾಗೆ ಹೇಳಿಕೊಟ್ಟ ನಾನೇ, ಕೆಲಸದ ಸಂದರ್ಶನದಲ್ಲಿ ಒಬ್ಬರು ಹವೆ ಹೇಗಿದೆ ನಿಮ್ಮ ಕಡೆ ಎಂದದ್ದಕ್ಕೆ ‘ಇಟ್ ಈಸ್ ಟೂ ಮಚ್ ನೈಸ್ ಸರ್’ ಎಂದು ಬಂದವನು. ಕೆಲಸ ಸಿಗಲಿಲ್ಲ, ಆ ಸಲ.

ಹೋದ ವರ್ಷ ತೀರ್ಥಹಳ್ಳಿ ಸಂತೆಯಲ್ಲಿ ಆ ಹುಡುಗ ಸಿಕ್ಕಿದ. ಹುಡುಗ ಅನ್ನುವ ಹಾಗಿಲ್ಲ, ಕಿವಿಯ ಮೇಲೆ ನರೆ ಬಂದಿದೆ. ಸೌತೆಕಾಯಿ ಆರಿಸುತ್ತಿದ್ದವನನ್ನು ನಿಲ್ಲಿಸಿ ಕುರ್ಚಿಯ ಕಥೆ ಶುರು ಮಾಡಿದೆ. ‘ನನಗೆ ಚಳಿ’ಯವರೆಗೆ ಬಂದಿದ್ದೆನೋ ಇಲ್ಲವೋ, ಅವನು ಕವಲೇದುರ್ಗದ ಕಡೆ ಕಪ್ಪಾದ ಆಕಾಶ ನೋಡಿ ಚೀಲ ಹೆಗಲಿಗೇರಿಸಿದ.

“ಬರೋ ಹಾಗಿದೆ ಸಾ. ಅಡಿಕೆ ಅಂಗಳದಲ್ಲೇ ಇದೆ, ಬರ್ತೀನಿ.”