ಎಲುಬಿನಿಂದ ಮೆದುಳಿಗೆ: ಇಬ್ನುನ್ನಫೀಸರು ಕಂಡ ದಾರಿ

ಮೊಣಕಾಲಿನಲ್ಲಿ ಹುಟ್ಟಿದ ಎಲುಬಿನ ಕ್ಯಾನ್ಸರ್ ಮೆದುಳಿಗೆ ಹೋಗುವುದು ಹೇಗೆ? "ರೋಗ ತಲೆಗೇರಿತು" ಎಂದು ಜನ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ, ಎಲುಬಿನಿಂದ ಎಲುಬಿಗೆ ಮೆಟ್ಟಿಲು ಹತ್ತಿದಂತೆ. ವಾಸ್ತವದಲ್ಲಿ ಅದರ ಮುಖ್ಯ ದಾರಿ ರಕ್ತದ್ದು, ಅದೂ ಶ್ವಾಸಕೋಶದ ಮೂಲಕ. ಈ ದಾರಿಯನ್ನು ಜಗತ್ತಿನಲ್ಲಿ ಮೊದಲು ಬರೆದಿಟ್ಟವರು 13ನೇ ಶತಮಾನದ ಹಕೀಮ ಇಬ್ನುನ್ನಫೀಸರು.

ಡಮಾಸ್ಕಸ್‌ನಲ್ಲಿ ವೈದ್ಯಶಾಸ್ತ್ರ ಕಲಿತು ಕೈರೋದಲ್ಲಿ ನೆಲೆಸಿದ ಇವರು 1242ರಲ್ಲಿ ಇಬ್ನುಸೀನಾರ 'ಅಲ್ ಕಾನೂನ್' ಗ್ರಂಥದ ಶರೀರರಚನಾ ಭಾಗಕ್ಕೆ ವ್ಯಾಖ್ಯಾನ ಬರೆದರು. ಹೃದಯದ ನಡುಗೋಡೆಯ ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ರಕ್ತ ಬಲದಿಂದ ಎಡಕ್ಕೆ ದಾಟುತ್ತದೆ ಎಂದು ಗ್ರೀಕ್ ವೈದ್ಯ ಗೇಲೆನ್ ಹೇಳಿದ್ದ. ಸಾವಿರ ವರ್ಷ ಅದೇ ನಂಬಿಕೆ. ಇಬ್ನುನ್ನಫೀಸರು ಒಪ್ಪಲಿಲ್ಲ. ಗೋಡೆ ದಪ್ಪವಾಗಿದೆ, ರಂಧ್ರಗಳಿಲ್ಲ; ಬಲಭಾಗದ ರಕ್ತ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಗಾಳಿಯೊಂದಿಗೆ ಸೇರಿ, ನಂತರವೇ ಹೃದಯದ ಎಡಭಾಗಕ್ಕೆ ಬರುತ್ತದೆ ಎಂದರು. ಗುರುಸ್ಥಾನದ ಇಬ್ನುಸೀನಾರ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತಲೇ ಅವರೊಂದಿಗೆ ಭಿನ್ನಾಭಿಪ್ರಾಯ ತಳೆದ ಧೈರ್ಯವನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. 1288ರಲ್ಲಿ ತೀರಿಕೊಂಡಾಗ ತಮ್ಮ ಮನೆ ಮತ್ತು ಪುಸ್ತಕಗಳನ್ನು ಕೈರೋದ ಮನ್ಸೂರಿ ಆಸ್ಪತ್ರೆಗೆ ಬಿಟ್ಟುಹೋದರು. ಯುರೋಪಿನಲ್ಲಿ ರಕ್ತಪರಿಚಲನೆಯ ಕೀರ್ತಿ 1628ರಲ್ಲಿ ಗ್ರಂಥ ಪ್ರಕಟಿಸಿದ ವಿಲಿಯಂ ಹಾರ್ವೆಗೆ ಸಂದಿತು. ಜರ್ಮನಿಯಲ್ಲಿ ಓದುತ್ತಿದ್ದ ಈಜಿಪ್ಟಿನ ವೈದ್ಯ ಮುಹಿಯುದ್ದೀನ್ ತತಾವಿ 1924ರಲ್ಲಿ ಬರ್ಲಿನ್ ಗ್ರಂಥಾಲಯದಲ್ಲಿ ಹಸ್ತಪ್ರತಿಯನ್ನು ಕಂಡ ಮೇಲಷ್ಟೇ ಇವರ ಹೆಸರು ಮತ್ತೆ ಬೆಳಕಿಗೆ ಬಂತು.

ಈಗ ರೋಗದ ಮಾತು. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ, ಹೆಚ್ಚಾಗಿ ಮೊಣಕಾಲಿನ ಆಚೀಚೆ ಬರುವ ಎಲುಬಿನ ಕ್ಯಾನ್ಸರಿಗೆ ಆಸ್ಟಿಯೋಸಾರ್ಕೋಮಾ ಎನ್ನುತ್ತಾರೆ. ಗಡ್ಡೆಯಿಂದ ಕಳಚಿದ ಜೀವಕೋಶಗಳು ಕಾಲಿನ ರಕ್ತನಾಳ ಸೇರಿ, ಹೃದಯದ ಬಲಭಾಗಕ್ಕೆ ಬಂದು, ಅಲ್ಲಿಂದ ಶ್ವಾಸಕೋಶಕ್ಕೆ ತಳ್ಳಲ್ಪಡುತ್ತವೆ. ಅಲ್ಲಿಯ ಕೂದಲಿಗಿಂತ ಸಣ್ಣ ನಾಳಗಳಲ್ಲಿ ಬಹಳಷ್ಟು ಸಿಕ್ಕಿಹಾಕಿಕೊಳ್ಳುತ್ತವೆ. ಆದ್ದರಿಂದಲೇ ಈ ರೋಗ ಮೊದಲು ಹರಡುವುದು ಸಾಮಾನ್ಯವಾಗಿ ಶ್ವಾಸಕೋಶಕ್ಕೆ. ಅಲ್ಲಿ ಬೇರೂರಿದ ಗಡ್ಡೆಯಿಂದ ಕಳಚಿದ ಕೋಶಗಳು ಹೃದಯದ ಎಡಭಾಗಕ್ಕೆ ಬಂದು, ಕತ್ತಿನ ರಕ್ತನಾಳಗಳಲ್ಲಿ ಮೇಲೇರಿ ಮೆದುಳು ತಲುಪಬಹುದು. ಹೀಗಾಗುವುದು ನೂರರಲ್ಲಿ ಕೆಲವರಿಗೆ ಮಾತ್ರ, ಅದೂ ಹೆಚ್ಚಾಗಿ ಶ್ವಾಸಕೋಶದಲ್ಲಿ ರೋಗ ಹರಡಿದ ಮೇಲೆ. ಬೆನ್ನುಮೂಳೆಯ ಸುತ್ತಲಿನ ನಾಳಗಳ ಜಾಲದ ಒಳದಾರಿಯೂ ಒಂದಿದೆ. 1940ರಲ್ಲಿ ಬ್ಯಾಟ್ಸನ್ ಎಂಬ ವಿಜ್ಞಾನಿ ಅದನ್ನು ತೋರಿಸಿದರು.

ದಾರಿ ಇದ್ದ ಮಾತ್ರಕ್ಕೆ ಎಲ್ಲೆಂದರಲ್ಲಿ ರೋಗ ಬೇರೂರುವುದಿಲ್ಲ. ಇಂಗ್ಲೆಂಡಿನ ಸ್ಟೀಫನ್ ಪೇಜೆಟ್ 1889ರಲ್ಲಿ ಸ್ತನ ಕ್ಯಾನ್ಸರಿನಿಂದ ಸತ್ತ 735 ಮಹಿಳೆಯರ ದಾಖಲೆ ಪರಿಶೀಲಿಸಿ, ಕ್ಯಾನ್ಸರ್ ಕೋಶ ಬೀಜವಿದ್ದಂತೆ, ಒಗ್ಗುವ ಮಣ್ಣು ಸಿಕ್ಕರೆ ಮಾತ್ರ ಮೊಳೆಯುತ್ತದೆ ಎಂದರು. ಒಕ್ಕಲುತನದ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1970ರವರೆಗೆ ಕಾಲು ಕತ್ತರಿಸುವುದೇ ಮುಖ್ಯ ಚಿಕಿತ್ಸೆ. ಆದರೂ ಐವರಲ್ಲಿ ಸುಮಾರು ನಾಲ್ವರು ಉಳಿಯುತ್ತಿರಲಿಲ್ಲ, ಏಕೆಂದರೆ ಕಣ್ಣಿಗೆ ಬೀಳದ ಬೀಜಗಳು ಆಗಲೇ ಶ್ವಾಸಕೋಶ ಸೇರಿರುತ್ತಿದ್ದವು. ಕೆನಡಾದ ಟೆರ್ರಿ ಫಾಕ್ಸ್ ಎಂಬ ತರುಣನ ಕಾಲನ್ನು 1977ರಲ್ಲಿ ತೆಗೆದರು. 1980ರಲ್ಲಿ ಆತ ಕೃತಕ ಕಾಲಿನಲ್ಲಿ 143 ದಿನ, 5373 ಕಿ.ಮೀ. ಓಡಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಿದ. ಓಟ ನಿಂತದ್ದು ರೋಗ ಶ್ವಾಸಕೋಶಕ್ಕೆ ಹರಡಿದ್ದರಿಂದ. 1981ರಲ್ಲಿ, 22ನೇ ವಯಸ್ಸಿನಲ್ಲಿ ತೀರಿಕೊಂಡ. ಅಷ್ಟರಲ್ಲಿ ಔಷಧಗಳ ಕಾಲ ಶುರುವಾಗಿತ್ತು. ಮೆಥೊಟ್ರೆಕ್ಸೇಟ್ ಅವುಗಳಲ್ಲಿ ಒಂದು. ಆ ಜಾತಿಯ ಔಷಧಗಳ ಹಿಂದೆ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ದುಡಿಮೆ ಇದೆ. ಇಂದು ರೋಗ ಹರಡುವ ಮುನ್ನ ಬಂದವರಲ್ಲಿ ಔಷಧ ಮತ್ತು ಶಸ್ತ್ರಚಿಕಿತ್ಸೆ ಸೇರಿ ಅರ್ಧಕ್ಕಿಂತ ಹೆಚ್ಚು ಜನ ಉಳಿಯುತ್ತಾರೆ. ಅನೇಕರಿಗೆ ಕಾಲೂ ಉಳಿಯುತ್ತದೆ.

ಕಾಲು ನೋವೆಂದು ಹೋದ ಹುಡುಗನಿಗೆ ಎದೆಯ ಸ್ಕ್ಯಾನ್ ಬರೆದುಕೊಟ್ಟರೆ ನಮ್ಮಲ್ಲಿ ಕೆಲವರು "ದುಡ್ಡಿಗಾಗಿ" ಎಂದು ಅನುಮಾನಿಸುತ್ತಾರೆ. ಯಾಕೆ ಬರೆದರೆಂಬುದು ಮೇಲಿನ ಮಾತು ಓದಿದವರಿಗೆ ತಿಳಿದೀತು.

ಹುಲಗೂರಿನ ಸುತ್ತಲಿನ ಹಳ್ಳಿಗಳಲ್ಲಿ ಆಟದಲ್ಲಿ ಬಿದ್ದ ಹುಡುಗನ ಮೊಣಕಾಲು ಬಾತರೆ ಮೊದಲು ಎಣ್ಣೆ ಹಚ್ಚಿ ತಿಕ್ಕುವುದು, ಪಟ್ಟು ಕಟ್ಟಿಸುವುದು. ಸಾಮಾನ್ಯ ಉಳುಕು ಕೆಲವು ವಾರಗಳಲ್ಲಿ ಇಳಿಯುತ್ತದೆ. ಇಳಿಯದೆ ಬಾವು ಬೆಳೆಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋವು ಎಬ್ಬಿಸುತ್ತಿದ್ದರೆ, ತಿಕ್ಕುವುದನ್ನು ನಿಲ್ಲಿಸಿ ಎಕ್ಸ್‌ರೇ ತೆಗೆಸಬೇಕು. ಹಜರತ್ ಶಾಹ್ ಖಾದ್ರಿಯವರ ದರ್ಗಾದಲ್ಲಿ ದುವಾ ಮಾಡುವವರು ಮಾಡಲಿ. ಅದಕ್ಕಾಗಿ ಎಕ್ಸ್‌ರೇ ಮುಂದೂಡುವುದು ಬೇಡ. "ಚಾಕು ತಾಗಿದರೆ ರೋಗ ಹಬ್ಬುತ್ತದೆ" ಎಂಬ ಮಾತು ಎಷ್ಟೋ ತಿಂಗಳುಗಳನ್ನು ನುಂಗಿದೆ. ಬಯಾಪ್ಸಿಯನ್ನು ಮಾತ್ರ ಈ ರೋಗ ಬಲ್ಲ ವೈದ್ಯರಿಂದಲೇ ಮಾಡಿಸಬೇಕು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ, ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಸಂಸ್ಥೆ ಇದೆ. ಬಿ.ಪಿ.ಎಲ್. ಕಾರ್ಡ್ ಇರುವ ಕುಟುಂಬಗಳಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಎರಡನ್ನೂ ಜೊತೆಗೆ ಒಯ್ಯಿರಿ.